ಗವಿಯ ಬಾಯಲ್ಲಿ ಬಿಟ್ಟ ಚಪ್ಪಲಿಗಳು

ಗುಡ್ಡ ಒಂದೇ. ಅದರ ಈ ಕಡೆ ನಾವಿದ್ದೇವೆ, ಆ ಕಡೆ ಗವಿಯ ಊರಿದೆ. ನಮ್ಮ ಕಡೆ ನೋಡುವಂಥದ್ದು ಏನೂ ಇಲ್ಲ, ಹಾಗಾಗಿ ನಮ್ಮಲ್ಲಿಗೆ ಯಾರೂ ಬರುವುದಿಲ್ಲ. ಆ ಊರಿಗೆ ಮಾತ್ರ ದಿನವೂ ಜನ. ಗಾಡಿ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಾರೆ. ಗವಿ ಅಷ್ಟು ದೊಡ್ಡದು, ಅಷ್ಟು ಹೆಸರುವಾಸಿ. ಆದರೆ ನಿಜ ಹೇಳಬೇಕೆಂದರೆ ಅವರು ಬರುವುದು ಗವಿಗಾಗಿ ಅಲ್ಲ, ಅದರೊಳಗಿನ ದೆವ್ವಕ್ಕಾಗಿ. ಬರೀ ಕಲ್ಲು ನೋಡಲು ಯಾರು ಅಷ್ಟು ದೂರ ಬರುತ್ತಾರೆ ಹೇಳಿ.

ಆ ಊರಿಗೆ ಒಂದು ಕಟ್ಟಳೆ ಇತ್ತು. ಗವಿಯೊಳಗೆ ಹೋಗುವವರು ಬಾಯಲ್ಲೇ ಚಪ್ಪಲಿ ಬಿಡಬೇಕು. ಅದರಲ್ಲೇನೂ ವಿಶೇಷವಿಲ್ಲ, ಎಷ್ಟೋ ಕಡೆ ಬಿಡುತ್ತೇವೆ. ವಿಶೇಷವಿದ್ದದ್ದು ತಿರುಗಿ ಬಂದ ಮೇಲೆ. ಒಳಗೆ ಕಂಡದ್ದರ ಕಥೆಯೊಂದನ್ನು ಕೊಟ್ಟರೆ ಮಾತ್ರ ಚಪ್ಪಲಿ ವಾಪಸು. ಕಥೆ ಇಲ್ಲದವರಿಗೆ ಚಪ್ಪಲಿ ಇಲ್ಲ. ಗವಿಯಿಂದ ದಾರಿಯವರೆಗೂ ಬರೀ ಬಂಡೆ. ಬಿಸಿಲೇರಿದರೆ ಅದರ ಮೇಲೆ ರೊಟ್ಟಿ ಬೇಯಿಸಬಹುದು. ಆ ಬಂಡೆಯನ್ನೊಮ್ಮೆ ನೋಡಿದರೆ ಸಾಕು, ಎಂಥ ಮಾತು ಕಡಿಮೆಯವನಿಗೂ ಕಥೆ ಹುಟ್ಟಿಬಿಡುತ್ತಿತ್ತು.

ಗವಿಯ ಬಾಯಿಯ ಪಕ್ಕದಲ್ಲಿ ಬಂಡೆ ಕೊರೆದು ಸಾಲು ಸಾಲು ಗೂಡು ಮಾಡಿದ್ದರು. ಅವುಗಳ ಮುಂದೆ ಮಣೆ ಹಾಕಿಕೊಂಡು ಗೂಡಿನ ಯಜಮಾನ ಕೂತಿರುತ್ತಿದ್ದ. ಹೊರಗೆ ಬಂದ ಒಬ್ಬೊಬ್ಬರನ್ನೂ ಅವನು ತಲೆಯೆತ್ತದೆ ಒಂದೇ ಮಾತು ಕೇಳುತ್ತಿದ್ದ.

"ಏನ್ ಬೇಕಂತೆ ಅವನಿಗೆ?"

ಅವನು ಕೆಟ್ಟವನಲ್ಲ. ಅವನಪ್ಪ ಕೇಳುತ್ತಿದ್ದ, ಇವನು ಕೇಳುತ್ತಿದ್ದ, ಅಷ್ಟೆ. ಹೊರಗೆ ಬಂದವರು ಬಂಡೆಯ ಕಡೆ ನೋಡುತ್ತಿದ್ದರು, ತಮ್ಮ ಕಾಲಿನ ಕಡೆ ನೋಡುತ್ತಿದ್ದರು, ಆಮೇಲೆ ಹೇಳುತ್ತಿದ್ದರು. ಹಿಂದಿನವನು ಮುಂದಿನವನ ಕಥೆಯನ್ನೇ ಒಂಚೂರು ಉಪ್ಪು ಖಾರ ಹಚ್ಚಿ ಒಪ್ಪಿಸುತ್ತಿದ್ದ. ಒಂದೇ ಮಾತು ಮೂರು ಬಾಯಲ್ಲಿ ಬಂದರೆ ಅದನ್ನು ಊರು ಕೊಡಲೇಬೇಕು. ಅದೂ ಕಟ್ಟಳೆ.

ಇನ್ನು ಗವಿಯ ಒಳಗಿನ ಕಟ್ಟಳೆ. ಊರಿನವರು ಒಳಗೆ ಹೋಗುವಂತಿಲ್ಲ, ದೀಪದವನೊಬ್ಬನನ್ನು ಬಿಟ್ಟು. ಅವನು ದೀಪ ಹಿಡಿದು ಮುಂದೆ, ಬಂದವರು ಹಗ್ಗ ಹಿಡಿದು ಹಿಂದೆ. ಕೊನೆಗೆ ಒಂದು ಪಡಸಾಲೆ. ಅದರ ಹೊಸ್ತಿಲಲ್ಲೇ ದೀಪ ಆರಿಸಬೇಕು. ಕತ್ತಲಲ್ಲಿ ಒಳಗೆ ಹೋಗಿ, ಕತ್ತಲಲ್ಲಿ ಸುಮ್ಮನೆ ನಿಂತು, ಕತ್ತಲಲ್ಲೇ ಹೊರಗೆ ಬಂದು, ಆಮೇಲೆ ದೀಪ ಹಚ್ಚಬೇಕು. ಹಾಗೆ ನಿಂತಾಗ ಯಾರಾದರೊಬ್ಬರ ಕೈಯನ್ನು ಒಂದು ಕೈ ಬಂದು ಹಿಡಿಯುತ್ತಿತ್ತು. ಅದೇ ದೆವ್ವದ ಕೈ. ಊರು ಕೊಡುವ ವಸ್ತುಗಳನ್ನೂ ದೀಪದವನು ಅದೇ ಕತ್ತಲಲ್ಲಿ ತಡಕಾಡಿ ಒಂದು ಬಂಡೆಯ ಹಿಂದೆ ಇಟ್ಟು ಬರುತ್ತಿದ್ದ. ಪಡಸಾಲೆಯನ್ನು ಬೆಳಕಿನಲ್ಲಿ ಕಂಡವರು ಇಡೀ ಊರಲ್ಲಿ ಒಬ್ಬರೂ ಇರಲಿಲ್ಲ.

ಗವಿಯ ಬಾಯಲ್ಲಿ ಒಬ್ಬಳು ಹೆಂಗಸು ಇದ್ದಳು. ಹೊರಗೆ ಬಂದವರ ಕಾಲಿಗೆ ನೀರು ಹಾಕುವುದು ಅವಳ ಕೆಲಸ. ಮೊದಲಿನ ದೀಪದವನು ಅವಳ ಅಣ್ಣ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವಳಿಗೆ ಅವನು, ಅವನಿಗೆ ಅವಳು. ದೀಪದವನಾದರೂ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕಲ್ಲ, ಹಾಗಾಗಿ ಅವನೂ ಪ್ರತಿ ಸಲ ಹೊರಗೆ ಬಂದಾಗ ಕಥೆ ಕೊಡಬೇಕಿತ್ತು. ಬಂದವರು ಒಂದು ಕಥೆ ಕೊಟ್ಟು ಗಾಡಿ ಹತ್ತಿ ಹೋಗುತ್ತಾರೆ. ಅವನು ದಿನವೂ ಕೊಡಬೇಕು, ದಿನಕ್ಕೆ ಎಷ್ಟೋ ಸಲ ಕೊಡಬೇಕು. ಮೊದಮೊದಲು ಚೆನ್ನಾಗಿಯೇ ಕೊಟ್ಟ. ಕೂದಲು ಕಂಡೆ ಅಂದ, ಗೆಜ್ಜೆ ಕೇಳಿಸಿತು ಅಂದ. ಬರಬರುತ್ತಾ ಸಂಜೆ ಮನೆಗೆ ಬಂದು ತಟ್ಟೆಯ ಮುಂದೆ ಸುಮ್ಮನೆ ಕೂರತೊಡಗಿದ.

"ಯಾಕಣ್ಣ, ಊಟ ಸೇರ್ತಿಲ್ವಾ?" ಎಂದು ತಂಗಿ ಕೇಳಿದರೆ, "ಏನಿಲ್ಲ ಕಣೇ. ನಾಳೆಗೆ ಏನ್ ಹೇಳ್ಲಿ ಅಂತ ಯೋಚ್ನೆ ಮಾಡ್ತಿದೀನಿ" ಎನ್ನುತ್ತಿದ್ದ.

ಒಂದು ದಿನ ಅವನು ಹೊಸ್ತಿಲಲ್ಲಿ ದೀಪ ಆರಿಸಿದ, ಜನರನ್ನು ಪಡಸಾಲೆಗೆ ಕರೆದುಕೊಂಡು ಹೋದ, ಆಮೇಲೆ ಬರಲೇ ಇಲ್ಲ. ಜನ ಹಗ್ಗ ಹಿಡಿದು, ತಡವರಿಸಿ, ಬಾಯಿ ಬಡಿದುಕೊಳ್ಳುತ್ತಾ ಹೊರಗೆ ಓಡಿ ಬಂದರು. ಆವತ್ತು ಯಜಮಾನ ಯಾರನ್ನೂ ಏನೂ ಕೇಳದೆ ಚಪ್ಪಲಿ ಕೊಟ್ಟ.

ಅಲ್ಲಿಯವರೆಗೆ ಗವಿಯ ದೆವ್ವಕ್ಕೆ ಮುಖವಿರಲಿಲ್ಲ. ಈಗ ಅಣ್ಣನ ಮುಖ ಸಿಕ್ಕಿತು. ಕೆಳಗಿನ ಗೂಡಿನಲ್ಲಿ ಅಣ್ಣನ ಚಪ್ಪಲಿ ಹಾಗೇ ಉಳಿಯಿತು. ತಂಗಿ ಅದಕ್ಕೆ ಆಗಾಗ ಹರಳೆಣ್ಣೆ ಸವರುತ್ತಿದ್ದಳು. ಒಣಗಿದ ಚರ್ಮ ಕಾಲು ಕಚ್ಚುತ್ತದೆ. ಅಣ್ಣ ಬಂದಾಗ ಕಚ್ಚಬಾರದು.

ಹೊಸ ದೀಪದವನು ಬಂದ. ಹೊಸ ಕಥೆಗಳೂ ಬಂದವು. ಹಳೆಯ ದೀಪದವನ ಕೈ ಮಂಜಿನಂತೆ ತಣ್ಣಗಿತ್ತು, ಕಂಬಳಿ ಬೇಕಂತೆ. ಮೂರು ಬಾಯಾಯಿತು. ತಂಗಿ ತನ್ನ ಕಂಬಳಿಯನ್ನೇ ಮಡಿಸಿ, ಹುಳ ಹಿಡಿಯದಿರಲಿ ಎಂದು ಮಡಿಕೆಯಲ್ಲಿ ಬೇವಿನ ಸೊಪ್ಪು ಇಟ್ಟು ಕಳಿಸಿದಳು. ಹೊಟ್ಟೆ ಹಸಿದು ನರಳುತ್ತಿದ್ದ, ರೊಟ್ಟಿ ಬೇಕಂತೆ. ರೊಟ್ಟಿ ಹೋಯಿತು. ಎಣ್ಣೆ ಬೇಕಂತೆ. ಬೀಡಿ ಬೇಕಂತೆ. ಒಂದು ಕಟ್ಟು ಬೀಡಿ, ಅದರ ಜೊತೆ ಬೆಂಕಿಪೊಟ್ಟಣ. ಪ್ರತಿ ಕಥೆಯೂ ಅವಳ ಎದುರಿಗೇ ನಡೆಯುತ್ತಿತ್ತು. ನೀರಿನ ಚೆಂಬು ಹಿಡಿದು, ಯಾರದೋ ಕಾಲು ತೊಳೆಯುತ್ತಾ, ತನ್ನ ಅಣ್ಣ ಹೇಗೆ ಅಳುತ್ತಿದ್ದ, ಹೇಗೆ ನಡುಗುತ್ತಿದ್ದ ಎಂದು ಅವಳು ಕೇಳಬೇಕಿತ್ತು. ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಕಂಬಳಿ ಇಲ್ಲದೆ ಮಲಗಿದಾಗ ಚಳಿಯಾದರೆ, ಅವನಿಗಾದರೂ ಬೆಚ್ಚಗಿರಲಿ ಎಂದುಕೊಳ್ಳುತ್ತಿದ್ದಳು.

ಒಮ್ಮೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಕೈತುಂಬ ಅರಿಶಿನದ ಸಮೇತ ಒಳಗೆ ಹೋಗಿದ್ದಳು. ಅವಳ ಹಿಂದೆ ಬಂದ ಮುದುಕನೊಬ್ಬ, ದೆವ್ವ ನನ್ನ ಕೈ ಹಿಡಿದು ಹಿಂಡಿತು ಎಂದು ಆಣೆ ಮಾಡಿ ಹೇಳಿದ. ತಂಗಿ ಅವನ ಕೈಗೂ ನೀರು ಹಾಕಿದಳು. ಅಂಗೈ ಹಳದಿಯಾಗಿತ್ತು. ಅವಳು ಆ ಹುಡುಗಿಯನ್ನೊಮ್ಮೆ ನೋಡಿದಳು, ಮುದುಕನನ್ನೊಮ್ಮೆ ನೋಡಿದಳು. ಯಜಮಾನನೂ ಹಳದಿ ನೋಡಿದ. "ಅಯ್ಯಯ್ಯೋ, ಅವನಿಗೆ ಮದ್ವೆ ಆಸೆ ಉಳ್ಕೊಂಡಿದೆ!" ಎಂದ. ಊರೆಲ್ಲ ಹೌದೆಂದಿತು. ತಂಗಿ ಮುಂದಿನವರ ಕಾಲಿಗೆ ನೀರು ಹಾಕಿದಳು.

ಇನ್ನೊಮ್ಮೆ ಆ ದೆವ್ವ ಮಟಮಟ ಮಧ್ಯಾಹ್ನವೇ ಊರೊಳಗೆ ಬಂದಿತ್ತಂತೆ. ಬರಿಗಾಲಲ್ಲಿ ಬಂದು, ಮೊದಲ ಮನೆಯ ಮುಂದೆ ನಿಂತು, ನೀರು ಕೇಳಿತಂತೆ. ಜನ ಬಾಗಿಲು ಹಾಕಿಕೊಂಡು, ಮಾಳಿಗೆಯ ಮೇಲಿಂದ ಕಲ್ಲು ಹೊಡೆದು ಓಡಿಸಿದರಂತೆ. ಆ ವರ್ಷವಿಡೀ ಊರಲ್ಲಿ ಅದೇ ಮಾತು. ನೀರು ಕೇಳಿತಂತೆ ಎಂದಾಗ ತಂಗಿ ಚೆಂಬು ಕೆಳಗಿಟ್ಟು ಅತ್ತಳು.

ಒಬ್ಬ ಅಜ್ಜಿ ಬಂದಿದ್ದಳು. ಎಲ್ಲರ ಹಾಗೆ ಹೋದಳು, ಎಲ್ಲರ ಹಾಗೆ ಬಂದಳು.

"ಏನ್ ಬೇಕಂತೆ ಅವನಿಗೆ?" ಎಂದ ಯಜಮಾನ.

"ಅವನಿಗೇನೂ ಬೇಡ. ಚೆನ್ನಾಗಿದಾನೆ" ಎಂದಳು ಅಜ್ಜಿ.

"ಚೆನ್ನಾಗಿದಾನೆ ಅನ್ನೋದು ಕಥೆ ಅಲ್ಲಜ್ಜಿ."

"ಅಲ್ದಿದ್ರೆ ಬಿಡು. ನಂಗ್ ಬೇರೆ ಕಟ್ಟೋಕ್ ಬರಲ್ಲ."

ಅವಳು ತಂಗಿಯ ಹತ್ತಿರ ಬಂದು ಕಾಲು ಚಾಚಿದಳು. ನೀರು ಬೀಳುತ್ತಿರುವಾಗ ಮೆಲ್ಲಗೆ, "ನಿಮ್ಮಣ್ಣ ಚೆನ್ನಾಗಿದಾನೆ ಕಣವ್ವ. ಗಾಳಿ ಬರೋ ಕಡೆ ಇದಾನೆ" ಎಂದಳು. ಮಾತು ಬೆಳೆಸುವಷ್ಟರಲ್ಲಿ ಯಜಮಾನ, "ಸರೀರಿ, ಸರೀರಿ" ಎಂದು ಕೂಗಿದ. ಅಜ್ಜಿ ಬರಿಗಾಲಲ್ಲಿ ಕಾದ ಬಂಡೆಯ ಮೇಲೆ ಕುಪ್ಪಳಿಸುತ್ತಾ, ಊರಿಗೆಲ್ಲ ಬೈಯುತ್ತಾ ಹೋದಳು. ಅವಳ ಚಪ್ಪಲಿ ಮೇಲಿನ ಗೂಡಿಗೆ ಸೇರಿತು. ಏನೂ ಕಾಣಲಿಲ್ಲ ಎಂದು ಹೇಳಿದವರ ಚಪ್ಪಲಿಗಳೆಲ್ಲ ಆ ಗೂಡಿನಲ್ಲಿ ಒಣಗಿ ಬಿರುಕುಬಿಟ್ಟು ಬಿದ್ದಿದ್ದವು. ಹೆಚ್ಚೇನೂ ಇರಲಿಲ್ಲ. ಪಾಪ, ನನ್ನ ಮುಖ ನೋಡಲಾರದೆ ಸಮಾಧಾನಕ್ಕೆ ಹೇಳಿದಳು ಎಂದುಕೊಂಡಳು ತಂಗಿ.

ಆಮೇಲೆ ಆ ದಿನ ಬಂತು. ಒಬ್ಬ ದಢೂತಿ ಮನುಷ್ಯ ಹೊರಗೆ ಬಂದ. ಗಾಡಿಯವನು ಆಗಲೇ ಕೂಗುತ್ತಿದ್ದ. ಇವನಿಗೆ ಅವಸರ.

"ಏನ್ ಬೇಕಂತೆ ಅವನಿಗೆ?"

"ಒಬ್ನೇ ಇರೋಕೆ ಬೇಜಾರಂತೆ. ಮನೆಯೋರು ಯಾರಾದ್ರೂ ಬೇಕಂತೆ. ಕೊಡಿ ಸ್ವಾಮಿ ಚಪ್ಪಲಿ, ಗಾಡಿ ಹೋಗ್ತದೆ."

ಹಿಂದೆಯೇ ಅವನ ಹೆಂಡತಿ: "ಹೂಂ, ಮನೆಯೋರು ಬೇಕಂತೆ." ಅವಳ ಹಿಂದೆ ಅವಳ ತಮ್ಮ: "ಮನೆಯೋರಂತೆ."

ಮೂರೂ ಜೋಡಿ ಚಪ್ಪಲಿ ಹಾಕಿಕೊಂಡು ಅವರು ಓಡಿದರು. ತಾವು ಏನು ಮಾಡಿ ಹೋದೆವೆಂದು ಅವರಿಗೆ ಇವತ್ತಿಗೂ ಗೊತ್ತಿರಲಾರದು. ಗವಿಯ ಬಾಯಲ್ಲಿ ಮಾತ್ರ ಎಲ್ಲವೂ ನಿಂತುಹೋಯಿತು. ಯಜಮಾನ ಮೊದಲ ಸಲ ತಲೆಯೆತ್ತಿ ತಂಗಿಯನ್ನು ನೋಡಿದ. ಅಣ್ಣನಿಗೆ ಮನೆಯವರೆಂದು ಇದ್ದದ್ದು ಅವಳೊಬ್ಬಳೇ.

"ಏನ್ ಮಾಡೋದವ್ವ. ಕಟ್ಟಳೆ ನಾನ್ ಮಾಡಿದ್ದಲ್ಲ" ಎಂದ.

"ನನ್ ಚಪ್ಪಲಿ ಎಲ್ಲಿಡ್ಲಿ ಯಜಮಾನ್ರೇ?" ಎಂದಳು ಅವಳು.

ಅವನು ಬೆರಳಿನಿಂದ ತೋರಿಸಿದ. ಅಣ್ಣನ ಗೂಡಿನ ಪಕ್ಕದ ಗೂಡು.

ಮರುದಿನ ಬೆಳಗ್ಗೆ ಬಂದವರ ಸಾಲಿನ ಕೊನೆಯಲ್ಲಿ ಅವಳೂ ಹಗ್ಗ ಹಿಡಿದಳು. ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳು. ಆದರೆ ಅಣ್ಣನ ಸಂಕಟ ಅವಳನ್ನು ಅದಕ್ಕಿಂತ ಹೆಚ್ಚು ಸುಟ್ಟಿತ್ತು. ಹೋಗಲಿ, ಇಬ್ಬರೂ ಒಟ್ಟಿಗೆ ಚಳಿಯಲ್ಲಿರುತ್ತೇವೆ ಎಂದುಕೊಂಡಳು. ಹೊಸ್ತಿಲಲ್ಲಿ ದೀಪದವನು, "ತಪ್ಪು ತಿಳ್ಕೋಬೇಡಕ್ಕ" ಎಂದು ದೀಪ ಆರಿಸಿದ.

ಕತ್ತಲು. ಒಂದು ಕೈ ಬಂದು ಅವಳ ಕೈ ಹಿಡಿಯಿತು.

"ಅಣ್ಣಾ" ಎಂದಳು ಅವಳು ಮೆಲ್ಲಗೆ.

ಕೈ ಬೆಚ್ಚಿಬಿದ್ದಿತು. "ಅಯ್ಯೋ, ನಾನಲ್ಲ, ನಾನಲ್ಲ! ನಂಗೆ ಎರಡು ಮಕ್ಳಿದಾವೆ, ಬಿಟ್ಬಿಡು ತಾಯಿ!" ಎಂದು ಒಂದು ಗಂಡು ದನಿ ಪಿಸುಗುಟ್ಟಿತು. ಕೈ ಬೆವೆತಿತ್ತು. ಬೆಚ್ಚಗಿತ್ತು. ಅಷ್ಟು ಹೆದರಿದ್ದರೂ ಅವಳ ಕೈ ಬಿಟ್ಟಿರಲಿಲ್ಲ.

ಅವಳಿಗೆ ಅರಿಶಿನದ ಅಂಗೈ ನೆನಪಾಯಿತು.

ಜನ ಹೊರಟುಹೋದರು. ದೀಪದ ಬೆಳಕು ದೂರದಲ್ಲಿ ಒಮ್ಮೆ ಮಿನುಗಿ ಇಲ್ಲವಾಯಿತು. ಅವಳೊಬ್ಬಳೇ ಉಳಿದಳು. "ಅಣ್ಣಾ" ಎಂದು ಕರೆದಳು. ಗವಿ ಅದನ್ನೇ ತಿರುಗಿಸಿ ಕೊಟ್ಟಿತು. ನೆಲದ ಮೇಲೆ ಕೂತು ಕೈಯಾಡಿಸಿದಳು. ಏನೋ ಮೆತ್ತಗೆ ತಾಕಿತು. ಕಂಬಳಿ. ತಾನು ಮಡಿಸಿದ ಮಡಿಕೆ ಹಾಗೇ ಇತ್ತು. ಮಡಿಕೆಯೊಳಗೆ ಬೇವಿನೆಲೆ ಬೆರಳಿಗೆ ಪುಡಿಯಾಯಿತು. ಪಕ್ಕದಲ್ಲಿ ಬೀಡಿಕಟ್ಟು, ದಾರ ಬಿಚ್ಚಿರಲಿಲ್ಲ. ಅದರ ಜೊತೆ ಬೆಂಕಿಪೊಟ್ಟಣ.

ಅವಳು ಕಡ್ಡಿ ಗೀರಿದಳು.

ಆ ಪಡಸಾಲೆಯಲ್ಲಿ ಬೆಳಕು ಹುಟ್ಟಿದ್ದು ಅದೇ ಮೊದಲು. ಪಡಸಾಲೆ ಎಷ್ಟು ಚಿಕ್ಕದಾಗಿತ್ತೆಂದರೆ ಅವಳಿಗೆ ನಾಚಿಕೆಯೇ ಆಯಿತು. ಒಂದು ಅಡುಗೆಮನೆಯಷ್ಟು, ಅಷ್ಟೆ. ಇಷ್ಟು ಜಾಗದಲ್ಲಿ ಒತ್ತಿಕೊಂಡು ನಿಂತರೆ ಯಾರ ಕೈ ಯಾರಿಗೆ ತಾಕುವುದಿಲ್ಲ! ಬಂಡೆಯ ಹಿಂದೆ ಎಣ್ಣೆಯ ಕುಡಿಕೆಗಳು ಬಾಯಿಯವರೆಗೆ ತುಂಬಿದ್ದವು. ರೊಟ್ಟಿಗಳು ಕಲ್ಲಾಗಿ ಒಂದರ ಮೇಲೊಂದು ಕೂತಿದ್ದವು. ಒಂದನ್ನೂ ಯಾರೂ ಮುರಿದಿರಲಿಲ್ಲ.

ಅವನಿಗೆ ಹಸಿವಾಗಿಲ್ಲ. ಅವನಿಗೆ ಚಳಿಯಾಗಿಲ್ಲ. ಅವನು ಇಲ್ಲಿ ಅತ್ತೇ ಇಲ್ಲ. ಅವಳು ಗಟ್ಟಿಯಾಗಿ ಅಳತೊಡಗಿದಳು. ಇಷ್ಟು ದಿನ ಅತ್ತ ಅಳುವಿಗೂ ಈ ಅಳುವಿಗೂ ಸಂಬಂಧವಿರಲಿಲ್ಲ. ಕಡ್ಡಿ ಬೆರಳು ಸುಟ್ಟಾಗ ನಗುವೂ ಬಂತು.

ಕಂಬಳಿಯ ಅಂಚು ಹರಿದು ಬತ್ತಿ ಮಾಡಿ, ಕುಡಿಕೆಯಲ್ಲಿ ಅದ್ದಿ ಹಚ್ಚಿದಳು. ಉರಿ ನೆಟ್ಟಗೆ ನಿಲ್ಲಲಿಲ್ಲ. ಒಂದು ಕಡೆಗೆ ವಾಲಿತು. ಆಗ ಅಜ್ಜಿಯ ಮಾತು ನೆನಪಾಯಿತು: ಗಾಳಿ ಬರೋ ಕಡೆ ಇದಾನೆ. ಅವಳು ಕುಡಿಕೆ ಹಿಡಿದು ಗಾಳಿಗೆ ಎದುರಾಗಿ ಹೋದಳು. ಬಂಡೆಯ ಸಂದಿಯೊಂದು, ಮೈ ಓರೆ ಮಾಡಿದರೆ ಹಿಡಿಸುವಷ್ಟು. ಅದರಾಚೆ ನೆಲ ಒಂದು ಕಾಲಕ್ಕೆ ಕೆಸರಾಗಿದ್ದು ಈಗ ಒಣಗಿತ್ತು. ಒಣಗಿದ ಕೆಸರಿನಲ್ಲಿ ಬರಿಗಾಲಿನ ಹೆಜ್ಜೆಗಳು. ಹೆಬ್ಬೆರಳು ಹೊರಕ್ಕೆ ತಿರುಗಿದ ಹೆಜ್ಜೆಗಳು. ಅವಳು ತನ್ನ ಕಾಲು ನೋಡಿಕೊಂಡಳು. ಅವರ ಮನೆಯಲ್ಲಿ ಎಲ್ಲರ ಹೆಬ್ಬೆರಳೂ ಹಾಗೆಯೇ.

ಹೆಜ್ಜೆಗಳು ಹೊರಗೆ ಹೋಗಿದ್ದವು. ಎಲ್ಲೂ ತಡವರಿಸಿರಲಿಲ್ಲ. ದೂರದಲ್ಲಿ ಬಿಸಿಲಿನ ಒಂದು ತುಂಡು, ಅದರಲ್ಲಿ ಯಾರದೋ ಹೊಲದ ಹಸಿರು ಕಾಣುತ್ತಿತ್ತು.

ಓಡಿಬಿಡೋಣವೆನಿಸಿತು. ಒಂದು ಕಾಲು ಇಟ್ಟೂ ಇಟ್ಟಳು. ಆಮೇಲೆ ನಿಂತಳು. ನಾನು ಹೀಗೇ ಹೋದರೆ ನಾಳೆ ಕತ್ತಲಲ್ಲಿ ಕೈ ಹಿಡಿಯುವವಳು ನಾನಾಗುತ್ತೇನೆ. ನನಗೆ ಸೀರೆ ಬೇಕಂತೆ ಅನ್ನುತ್ತಾರೆ, ಬಳೆ ಬೇಕಂತೆ ಅನ್ನುತ್ತಾರೆ. ಒಂದು ದಿನ ಗಾಡಿಗೆ ಅವಸರವಾದ ಯಾರೋ, ಅವಳಿಗೆ ಮಗು ಬೇಕಂತೆ ಅನ್ನುತ್ತಾರೆ. ಊರು ಯಾರ ಮನೆಯ ಮಗುವನ್ನು ತರುತ್ತದೆ? ಅವಳು ಕಾಲು ಹಿಂದಕ್ಕೆ ತೆಗೆದಳು. ಅದೂ ಅಲ್ಲದೆ, ಅಣ್ಣ ಆ ಹೊಲದ ದಾರಿಯಲ್ಲಿ ಬರಿಗಾಲಲ್ಲಿದ್ದಾನೆ. ಎಣ್ಣೆ ಸವರಿ ಇಟ್ಟ ಚಪ್ಪಲಿ ಗೂಡಿನಲ್ಲಿದೆ.

ಅವಳು ಪಡಸಾಲೆಗೆ ತಿರುಗಿ ಬಂದು, ಉರಿ ಆರಿಸಿ, ಕಂಬಳಿ ಹೊದ್ದು ಕೂತಳು. ಮುಂದಿನ ಗುಂಪು ಬಂತು. ಕತ್ತಲಲ್ಲಿ ಯಾರೋ ನಡುಗುತ್ತಿದ್ದರು. ಅವಳು ಅವರ ಕೈ ಹಿಡಿದು, "ಹೆದರ್ಬೇಡಿ, ನಾನೂ ನಿಮ್ಮಂಗೇ ಬಂದಿರೋಳು" ಎಂದಳು. ಆ ಕೈ ಸಮಾಧಾನವಾಯಿತು. ಅದೇ ಕೈ ಹಿಡಿದು, ಅದೇ ಹಗ್ಗ ಹಿಡಿದು, ಅವಳು ಬೆಳಕಿಗೆ ಬಂದಳು. ದೀಪದವನು ಮುಂದೆ ಇದ್ದ. ಅವನು ಹಿಂದೆ ತಿರುಗಿ ನೋಡುವ ಪದ್ಧತಿ ಇರಲಿಲ್ಲ.

ಯಜಮಾನ ತಲೆ ತಗ್ಗಿಸಿ ಕೂತಿದ್ದ. ಆವತ್ತು ಯಾಕೋ ಅವನ ದನಿ ಸೋತಿತ್ತು.

"ಏನ್ ಬೇಕಂತೆ ಅವನಿಗೆ?"

"ಚಪ್ಪಲಿ ಬೇಕಂತೆ" ಎಂದಳು ಅವಳು.

ಅವನು ತಲೆಯೆತ್ತಿದ. ಮಣೆ ಉರುಳಿತು. ಯಾರೋ ಕಿರುಚಿದರು, ಯಾರೋ ಬಗ್ಗಿ ಕಲ್ಲು ಎತ್ತಿಕೊಂಡರು.

"ಕಲ್ಲು ಕೆಳಗಿಡಿ" ಎಂದಳು ತಂಗಿ. "ಬರಿಗಾಲಲ್ಲಿ ನೀರು ಕೇಳ್ಕೊಂಡು ಬಂದೋನಿಗೆ ಹೊಡೆದಿದ್ದೇ ಸಾಕು." ಆಮೇಲೆ ಯಜಮಾನನ ಕಡೆ ತಿರುಗಿದಳು. "ಅವನು ಹೊರಟಿದಾನೆ. ಚಪ್ಪಲಿ ಇಲ್ದೆ ಎಷ್ಟು ದೂರ ನಡೀತಾನೆ? ತಂದ್ಕೊಡೋಕೆ ನಾನೇ ಬಂದಿದೀನಿ."

ಯಜಮಾನನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದಿದ್ದಾಗ ಮನುಷ್ಯ ಅಭ್ಯಾಸವಾದದ್ದನ್ನೇ ಮಾಡುತ್ತಾನೆ. ಅವಳ ಹಿಂದಿನವನ ಕಡೆ ನೋಡಿ, "ಏನ್ ಬೇಕಂತೆ ಅವನಿಗೆ?" ಎಂದ.

ಹಿಂದಿನವನು ಕಾದ ಬಂಡೆಯ ಕಡೆ ನೋಡಿದ, ತನ್ನ ಕಾಲಿನ ಕಡೆ ನೋಡಿದ. "ಚಪ್ಪಲಿ ಬೇಕಂತೆ" ಎಂದ. ಅವನ ಹಿಂದಿನವಳೂ, "ಚಪ್ಪಲೀನೇ ಅಂತೆ" ಎಂದಳು.

ಮೂರು ಬಾಯಾಯಿತು. ಯಜಮಾನ ಎದ್ದು ಹೋಗಿ ಎರಡು ಗೂಡುಗಳಿಂದ ಎರಡು ಜೋಡಿ ಚಪ್ಪಲಿ ತಂದ. ಕೊಡುವಾಗ ಅವಳ ಹತ್ತಿರ ಬಗ್ಗಿ, ಯಾರಿಗೂ ಕೇಳದಂತೆ, ಅವನು ತನ್ನ ಜೀವಮಾನದಲ್ಲಿ ಯಾರನ್ನೂ ಕೇಳದೇ ಇದ್ದ ಒಂದು ಮಾತು ಕೇಳಿದ.

"ಹೆಂಗಿದಾನವ್ವ?"

"ಕಾಲು ಗಟ್ಟಿಯಾಗಿ ಊರ್ಕೊಂಡು ಗುಡ್ಡದ ಆ ಕಡೆ ಹೋಗಿದಾನೆ" ಎಂದಳು ಅವಳು. "ರೊಟ್ಟಿ, ಕಂಬ್ಳಿ ಏನೂ ಮುಟ್ಟಿಲ್ಲ. ಇನ್ನೇನೂ ಬೇಡವಂತೆ ಅವನಿಗೆ."

ಯಜಮಾನ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟ. "ಬದುಕಿದೆ ಕಣವ್ವ" ಎಂದ. "ನಿನ್ನೆ ನಿಂಗೆ ಆ ಗೂಡು ತೋರಿಸಿದ್ನಲ್ಲ, ಆಗಿಂದ ಈ ಬೆರಳು ಮಡಿಸೋಕಾಗ್ತಿರ್ಲಿಲ್ಲ." ಆಮೇಲೆ ಏನೋ ನೆನಪಾಗಿ, ಮೇಲಿನ ಗೂಡಿಗೆ ಕೈಹಾಕಿ ಇನ್ನೊಂದು ಜೋಡಿ ತೆಗೆದ. "ಇದು ಆ ಬೈಕೊಂಡೋದ ಅಜ್ಜೀದು. ಆ ಕಡೆಯೋಳೇ ಇರ್ಬೇಕು. ತಗೊಂಡೋಗು."

ಇಷ್ಟೂ ನಮಗೆ ಗೊತ್ತಾದದ್ದು ಅವಳು ಗುಡ್ಡ ಬಳಸಿಕೊಂಡು ನಮ್ಮ ಕಡೆ ಬಂದ ಮೇಲೆ. ಅವಳ ಅಣ್ಣ ನಮ್ಮ ಬಾವಿಯ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ವರ್ಷಗಳ ಹಿಂದೆ ಅವನು ತಲೆತುಂಬ ಜೇಡರ ಬಲೆ ಮೆತ್ತಿಕೊಂಡು ಗುಡ್ಡದ ಸಂದಿಯಿಂದ ಇಳಿದು ಬಂದಾಗ ನಾವು ನೀರು ಕೊಟ್ಟಿದ್ದೆವು. ಕಥೆ ಕೇಳಲಿಲ್ಲ, ನಮಗೆ ಆ ಅಭ್ಯಾಸವಿಲ್ಲ. ಒಮ್ಮೆ ತಂಗಿಯನ್ನು ಕರೆತರುತ್ತೇನೆಂದು ಹೋಗಿ ಹಣೆ ಒಡೆಸಿಕೊಂಡು ಬಂದ. ಆಮೇಲೆ ನಮ್ಮ ಅಜ್ಜಿಯನ್ನು ಕಳಿಸಿದೆವು. ಅವಳು ಅಂಗಾಲೆಲ್ಲ ಬೊಬ್ಬೆ ಎಬ್ಬಿಸಿಕೊಂಡು ಬಂದು, ಇನ್ನು ಆ ಊರಿನ ಹೆಸರೆತ್ತಿದರೆ ನೋಡಿ ಎಂದಳು. ಅಲ್ಲಿಂದಾಚೆ ಅವನು ದಿನವೂ ಸಂಜೆ ಗುಡ್ಡದ ದಾರಿ ನೋಡುತ್ತಾ ಕೂರುತ್ತಿದ್ದ.

ತಂಗಿ ಬಂದು ಅವನ ಮುಂದೆ ನಿಂತಳು. ಅವನ ಹಣೆಯ ಗಾಯದ ಗುರುತನ್ನು ಬೆರಳಿನಿಂದ ಮುಟ್ಟಿದಳು. ಬಗ್ಗಿ, ಚಪ್ಪಲಿಗಳನ್ನು ಅವನ ಕಾಲಬಳಿ ಜೋಡಿಸಿ ಇಟ್ಟಳು.

ಅವನು ಕಾಲು ತೂರಿಸಿ ನೋಡಿದ. ಬರಿಗಾಲಲ್ಲಿ ನಡೆದು ನಡೆದು ಪಾದ ಅಗಲವಾಗಿತ್ತು.

"ಹಿಡಿಸ್ತಿಲ್ಲ ಕಣೇ" ಎಂದ.

"ಹಾಕ್ಕೋ" ಎಂದಳು ಅವಳು. "ನೀನು ಬರ್ತೀಯ ಅಂತ ಎಣ್ಣೆ ಹಾಕಿ ಮೆತ್ತಗಿಟ್ಟಿದೀನಿ."

ಅವನು ಎದ್ದು ನಿಂತು ಮೈಭಾರ ಬಿಟ್ಟ. ಚರ್ಮ ಒಂಚೂರು ಕಿರುಗುಟ್ಟಿತು, ಆಮೇಲೆ ಹಿಗ್ಗಿ ಕಾಲನ್ನು ಒಳಗೆ ಬಿಟ್ಟುಕೊಂಡಿತು.